ಭಾನುವಾರದ ಸಭೆ: ಕ್ರೈಸ್ತ ಆರಾಧನೆಯ ಹಲವು ರೀತಿಗಳು



ಒಂದು ಪ್ರಶ್ನೆಯಿಂದ ಆರಂಭಿಸೋಣ. ದೇವರು ಎಲ್ಲೆಡೆಯೂ ಇದ್ದಾನೆಂದು ನಂಬುವ ಮನುಷ್ಯ ಒಂದು ನಿರ್ದಿಷ್ಟ ದಿನ, ನಿರ್ದಿಷ್ಟ ವೇಳೆಗೆ, ನಿರ್ದಿಷ್ಟ ಕಟ್ಟಡಕ್ಕೆ ಏಕೆ ಹೋಗಬೇಕು? ಮನೆಯಲ್ಲೇ ಕಣ್ಣು ಮುಚ್ಚಿ ಪ್ರಾರ್ಥಿಸಿದರೆ ಸಾಲದೇ? ಕ್ರೈಸ್ತ ಮನೆಗಳಲ್ಲಿ ಬೆಳೆಯುವ ಅನೇಕ ಯುವಕ ಯುವತಿಯರು ಭಾನುವಾರ ಬೆಳಿಗ್ಗೆ ಹಾಸಿಗೆ ಬಿಟ್ಟು ಏಳುವ ಮುನ್ನ ಈ ಪ್ರಶ್ನೆಯನ್ನು ತಮಗೆ ತಾವೇ ಹಾಕಿಕೊಳ್ಳುತ್ತಾರೆ. ಪರೀಕ್ಷೆ ಹತ್ತಿರ ಬಂದಾಗಲಂತೂ ಈ ಪ್ರಶ್ನೆ ಇನ್ನಷ್ಟು ಬಲವಾಗುತ್ತದೆ! ಅನ್ಯ ಧರ್ಮೀಯ ಸಹಪಾಠಿಗಳಿಗೆ ಬೇರೊಂದು ಪ್ರಶ್ನೆ ಇರುತ್ತದೆ. ಒಂದೇ ಧರ್ಮದವರಾದ ಇವರು ಒಂದೇ ಊರಿನಲ್ಲಿ ನಾಲ್ಕಾರು ಬೇರೆ ಬೇರೆ ಚರ್ಚುಗಳಿಗೆ ಹೋಗುವುದೇಕೆ? ಒಂದು ಕಡೆ ಧೂಪ, ಇನ್ನೊಂದು ಕಡೆ ಗಿಟಾರ್, ಮತ್ತೊಂದು ಕಡೆ ದೀರ್ಘ ಉಪನ್ಯಾಸ ಕಂಡುಬರುವುದೇಕೆ?

ಈ ಎರಡು ಪ್ರಶ್ನೆಗಳೂ ಒಂದಕ್ಕೊಂದು ಹೆಣೆದುಕೊಂಡಿವೆ. ಜನ ಏನನ್ನು ಅರಸಿ ಸೇರುತ್ತಾರೆ ಎಂಬುದು ತಿಳಿದರೆ, ಅವರ ರೀತಿಗಳು ಬೇರೆ ಬೇರೆಯಾಗಿರುವ ಕಾರಣವೂ ತಿಳಿಯುತ್ತದೆ.

ಹೆಸರಿನಲ್ಲೇ ಇರುವ ಅರ್ಥ

ಮೊದಲು ಪದಗಳನ್ನು ಗಮನಿಸೋಣ. ಮಂಗಳೂರು, ಉಡುಪಿ, ಕಾರವಾರದ ಕಡೆ ಕೊಂಕಣಿ ಮಾತನಾಡುವ ಕಥೋಲಿಕರು ಚರ್ಚನ್ನು ‘ಇಗರ್ಜಿ’ ಎನ್ನುತ್ತಾರೆ. ಇದು ಪೋರ್ಚುಗೀಸ್ ಭಾಷೆಯಿಂದ ಬಂದ ಪದ. ಅದರ ಬೇರು ಗ್ರೀಕ್ ಭಾಷೆಯ ‘ಎಕ್ಲೇಸಿಯ’. ಗ್ರೀಕರಲ್ಲಿ ಈ ಪದಕ್ಕೆ ಕಟ್ಟಡ ಎಂಬ ಅರ್ಥವೇ ಇರಲಿಲ್ಲ. ಕರೆ ಕೇಳಿ ಸೇರಿಬಂದ ಜನರ ಸಭೆ ಎಂದೇ ಅದರ ಅರ್ಥ. ಕನ್ನಡದ ಪ್ರಾಟೆಸ್ಟೆಂಟ್ ಕ್ರೈಸ್ತರು ಇಂದಿಗೂ ‘ಸಭೆ’ ಎಂಬ ಪದವನ್ನೇ ಬಳಸುತ್ತಾರೆ. ಅವರ ಪುರೋಹಿತರು ‘ಸಭಾಪಾಲಕರು’. ಕನ್ನಡ ಕಥೋಲಿಕರು ಕಟ್ಟಡವನ್ನು ‘ದೇವಾಲಯ’ ಎಂದೂ, ವಿಶ್ವಾಸಿಗಳ ಸಮುದಾಯವನ್ನು ‘ಧರ್ಮಸಭೆ’ ಎಂದೂ ಕರೆಯುತ್ತಾರೆ.

ಹೀಗೆ ಚರ್ಚು ಎಂದರೆ ಮೊದಲು ಜನ, ಆಮೇಲೆ ಕಟ್ಟಡ. ಆರಂಭದ ಸುಮಾರು ಇನ್ನೂರು ವರ್ಷ ಕ್ರೈಸ್ತರು ಹೆಚ್ಚಾಗಿ ಮನೆಗಳಲ್ಲೇ ಸೇರುತ್ತಿದ್ದರು. ಗೋಪುರ, ಘಂಟೆ, ಬಣ್ಣದ ಗಾಜಿನ ಕಿಟಕಿ ಇವೆಲ್ಲ ಬಂದದ್ದು ಬಹಳ ಕಾಲದ ನಂತರ. ಕಟ್ಟಡವಿಲ್ಲದೆ ಚರ್ಚು ಇರಬಲ್ಲದು. ಸೇರುವ ಜನರಿಲ್ಲದೆ ಇರಲಾರದು. ಈ ಮಾತನ್ನು ನೆನಪಿಟ್ಟುಕೊಂಡರೆ ಮುಂದಿನ ವಿಷಯ ಸುಲಭವಾಗುತ್ತದೆ.

ಮೊದಲ ಸಭೆಗಳು ಹೇಗಿದ್ದವು?

ಕ್ರೈಸ್ತರ ಸಭೆಯ ಬಗ್ಗೆ ಹೊರಗಿನವರು ಬರೆದ ಅತಿ ಹಳೆಯ ದಾಖಲೆಗಳಲ್ಲಿ ಒಂದು ಸುಮಾರು ಕ್ರಿ.ಶ. 112ರದು. ಇಂದಿನ ತುರ್ಕಿ ದೇಶದ ಉತ್ತರ ಭಾಗದಲ್ಲಿ ರೋಮನ್ ಅಧಿಕಾರಿಯಾಗಿದ್ದ ಪ್ಲಿನಿ ಎಂಬಾತ ಚಕ್ರವರ್ತಿ ಟ್ರೇಜನ್‌ನಿಗೆ ಒಂದು ಪತ್ರ ಬರೆದ. ಈ ಜನ ಗೊತ್ತಾದ ದಿನ, ಬೆಳಗಾಗುವ ಮೊದಲೇ ಸೇರುತ್ತಾರೆ. ಕ್ರಿಸ್ತನನ್ನು ದೇವರೆಂದು ಹಾಡುತ್ತಾರೆ. ಕಳ್ಳತನ, ವ್ಯಭಿಚಾರ ಮಾಡುವುದಿಲ್ಲ, ಮಾತಿಗೆ ತಪ್ಪುವುದಿಲ್ಲ ಎಂದು ಪ್ರತಿಜ್ಞೆ ಮಾಡುತ್ತಾರೆ. ಆಮೇಲೆ ಮತ್ತೊಮ್ಮೆ ಸೇರಿ ಸಾಧಾರಣ ಊಟ ಮಾಡುತ್ತಾರೆ ಎಂಬುದು ಅವನು ವಿಚಾರಣೆಯಿಂದ ತಿಳಿದುಕೊಂಡ ಸಂಗತಿ.

ಸುಮಾರು 155ರಲ್ಲಿ ರೋಮ್ ನಗರದ ಜಸ್ಟಿನ್ ಎಂಬ ಕ್ರೈಸ್ತ ವಿದ್ವಾಂಸ ಇನ್ನೂ ವಿವರವಾದ ವರ್ಣನೆ ಕೊಟ್ಟಿದ್ದಾನೆ. ಭಾನುವಾರ ಪಟ್ಟಣದವರೂ ಹಳ್ಳಿಯವರೂ ಒಂದೆಡೆ ಕೂಡುತ್ತಾರೆ. ಪ್ರವಾದಿಗಳ ಮತ್ತು ಯೇಸುವಿನ ಶಿಷ್ಯರ ಬರಹಗಳನ್ನು ಓದಲಾಗುತ್ತದೆ. ಸಭೆಯ ಮುಖ್ಯಸ್ಥ ಬುದ್ಧಿಮಾತು ಹೇಳುತ್ತಾನೆ. ಎಲ್ಲರೂ ಎದ್ದು ನಿಂತು ಪ್ರಾರ್ಥಿಸುತ್ತಾರೆ. ರೊಟ್ಟಿ, ದ್ರಾಕ್ಷಾರಸ ಮತ್ತು ನೀರನ್ನು ತರಲಾಗುತ್ತದೆ. ಕೃತಜ್ಞತಾ ಪ್ರಾರ್ಥನೆಯ ಬಳಿಕ ಅವನ್ನು ಹಂಚಲಾಗುತ್ತದೆ. ಬರಲಾಗದವರ ಪಾಲನ್ನು ಸೇವಕರು ಅವರ ಮನೆಗೆ ತಲುಪಿಸುತ್ತಾರೆ. ಉಳ್ಳವರು ಕೊಟ್ಟ ಕಾಣಿಕೆ ಅನಾಥರು, ವಿಧವೆಯರು, ರೋಗಿಗಳು, ಸೆರೆಯಾಳುಗಳು ಮತ್ತು ಪರಸ್ಥಳದವರ ನೆರವಿಗೆ ಹೋಗುತ್ತದೆ.

ಈ ವರ್ಣನೆಗೆ ಹತ್ತೊಂಬತ್ತು ಶತಮಾನಗಳಾಗುತ್ತ ಬಂದಿವೆ. ಇಂದು ಬೆಂಗಳೂರಿನಲ್ಲೋ ಬೀದರಿನಲ್ಲೋ ಒಂದು ಚರ್ಚಿನ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿದರೆ ಬಹುಪಾಲು ಇದೇ ಕ್ರಮ ಕಾಣುತ್ತದೆ. ವಾಚನ, ಪ್ರವಚನ, ಪ್ರಾರ್ಥನೆ, ಭೋಜನ, ಕಾಣಿಕೆ: ಕ್ರೈಸ್ತ ಆರಾಧನೆಯ ಅಂಗಗಳು ಇವೇ ಐದು. ಯಾವ ಅಂಗಕ್ಕೆ ಎಷ್ಟು ತೂಕ ಕೊಡಬೇಕು ಎಂಬಲ್ಲಿ ಮಾತ್ರ ಪರಂಪರೆಗಳು ಬೇರೆಯಾದವು.

ಭಾನುವಾರವೇ ಏಕೆ? ಯೆಹೂದ್ಯರ ವಿಶ್ರಾಂತಿ ದಿನ ಶನಿವಾರ. ಯೇಸು ಸತ್ತವರೊಳಗಿಂದ ಎದ್ದದ್ದು ಅದರ ಮರುದಿನ ಎಂಬ ನಂಬಿಕೆಯಿಂದ ಕ್ರೈಸ್ತರು ಭಾನುವಾರವನ್ನು ಆರಿಸಿಕೊಂಡರು. ಆಗ ಅದು ರಜೆಯ ದಿನವಲ್ಲ. ಕೆಲಸಕ್ಕೆ ಹೋಗುವ ಮೊದಲು ಅಥವಾ ಕೆಲಸ ಮುಗಿದ ಮೇಲೆ ಸೇರಬೇಕಾಗಿತ್ತು. ಕಾನ್‌ಸ್ಟಂಟೈನ್ ಚಕ್ರವರ್ತಿ ಭಾನುವಾರವನ್ನು ವಿಶ್ರಾಂತಿಯ ದಿನವೆಂದು ಘೋಷಿಸಿದ್ದು 321ರಲ್ಲಿ. ಸೆವೆಂತ್ ಡೇ ಅಡ್ವೆಂಟಿಸ್ಟ್ ಪಂಗಡದವರು ಇಂದಿಗೂ ಶನಿವಾರವೇ ಆರಾಧನೆಗೆ ಸೇರುತ್ತಾರೆ.

ಬಲಿಪೂಜೆ: ಕಥೋಲಿಕರ ರೀತಿ

ಕಥೋಲಿಕರ ಮುಖ್ಯ ಆರಾಧನೆಗೆ ಕನ್ನಡದಲ್ಲಿ ‘ಬಲಿಪೂಜೆ’ ಎನ್ನುತ್ತಾರೆ. ಇದಕ್ಕೆ ಎರಡು ಭಾಗಗಳಿವೆ. ಮೊದಲ ಭಾಗದಲ್ಲಿ ಬೈಬಲ್ಲಿನ ವಾಚನಗಳು ಮತ್ತು ಗುರುಗಳ ಪ್ರಬೋಧನೆ. ಎರಡನೆಯ ಭಾಗದಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸದ ಅರ್ಪಣೆ ಹಾಗೂ ‘ಪರಮಪ್ರಸಾದ’ದ ಸ್ವೀಕಾರ. ಯೇಸು ತನ್ನ ಮರಣದ ಹಿಂದಿನ ರಾತ್ರಿ ಶಿಷ್ಯರೊಂದಿಗೆ ಮಾಡಿದ ಕೊನೆಯ ಭೋಜನವೇ ಇದರ ಮೂಲ. ಪೂಜೆಯಲ್ಲಿ ಅರ್ಪಿತವಾದ ರೊಟ್ಟಿ ಮತ್ತು ದ್ರಾಕ್ಷಾರಸ ಕ್ರಿಸ್ತನ ಶರೀರ ಮತ್ತು ರಕ್ತವೇ ಆಗುತ್ತವೆಂಬುದು ಕಥೋಲಿಕರ ನಂಬಿಕೆ. ಆದ್ದರಿಂದ ಇಲ್ಲಿ ಪೀಠವೇ ಕೇಂದ್ರ. ಮಂಡಿಯೂರುವುದು, ಎದ್ದು ನಿಲ್ಲುವುದು, ಶಿಲುಬೆಯ ಗುರುತು ಹಾಕಿಕೊಳ್ಳುವುದು ಎಲ್ಲವೂ ಶರೀರದ ಮೂಲಕ ಮಾಡುವ ಪ್ರಾರ್ಥನೆಗಳು.

ಭಾನುವಾರದ ವಾಚನಗಳು ಮೂರು ವರ್ಷಗಳ ಚಕ್ರದಲ್ಲಿ ಬರುತ್ತವೆ. ಒಂದು ವರ್ಷ ಮತ್ತಾಯನ, ಮರುವರ್ಷ ಮಾರ್ಕನ, ಅದರ ಮರುವರ್ಷ ಲೂಕನ ಶುಭಸಂದೇಶ ಪ್ರಧಾನವಾಗಿರುತ್ತದೆ. ಆದ್ದರಿಂದ ಮೈಸೂರಿನ ಸಂತ ಫಿಲೋಮಿನಾ ಚರ್ಚಿನಲ್ಲಿ ಈ ವಾರ ಓದುವ ಭಾಗವನ್ನೇ ಬ್ರೆಜಿಲ್‌ನ ಒಂದು ಹಳ್ಳಿಯಲ್ಲೂ ಓದುತ್ತಿರುತ್ತಾರೆ. ಗುರುಗಳ ಮೇಲುಡುಪಿನ ಬಣ್ಣವೂ ಋತುವಿಗೆ ತಕ್ಕಂತೆ ಬದಲಾಗುತ್ತದೆ: ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ನೇರಳೆ, ಹಬ್ಬಗಳಲ್ಲಿ ಬಿಳಿ, ಹುತಾತ್ಮರ ದಿನಗಳಲ್ಲಿ ಕೆಂಪು, ಸಾಧಾರಣ ದಿನಗಳಲ್ಲಿ ಹಸಿರು.

ಕುರ್ಬಾನ: ಸುರಿಯಾನಿ ರೀತಿ

ಕೇರಳದ ಸಂತ ತೋಮಾ ಕ್ರೈಸ್ತರ ಆರಾಧನೆಗೆ ‘ಕುರ್ಬಾನ’ ಎಂದು ಹೆಸರು. ಸುರಿಯಾನಿ ಭಾಷೆಯಲ್ಲಿ ಇದರ ಅರ್ಥ ಅರ್ಪಣೆ. ಸುರಿಯಾನಿಯು ಯೇಸು ಆಡುತ್ತಿದ್ದ ಅರಮೇಯಿಕ್ ಭಾಷೆಯ ಕುಟುಂಬಕ್ಕೆ ಸೇರಿದ್ದು. ಈ ಪೂರ್ವದೇಶೀಯ ಆರಾಧನೆಯಲ್ಲಿ ಧೂಪ, ದೀರ್ಘ ರಾಗದ ಪಠಣ, ಗುರು ಮತ್ತು ಜನರ ನಡುವಿನ ಸವಾಲ್ ಜವಾಬಿನಂಥ ಪ್ರಾರ್ಥನೆ ಹೆಚ್ಚು. ಅನೇಕ ಸುರಿಯಾನಿ ಚರ್ಚುಗಳಲ್ಲಿ ಪೀಠದ ಮುಂದೆ ಒಂದು ಪರದೆ ಇರುತ್ತದೆ. ಕೆಲವು ಘಳಿಗೆಗಳಲ್ಲಿ ಅದನ್ನು ಎಳೆದು, ಮತ್ತೆ ಸರಿಸುತ್ತಾರೆ. ಸ್ವರ್ಗ ಮತ್ತು ಭೂಮಿಯ ನಡುವಿನ ಮರೆ ಸರಿಯಿತೆಂಬ ಭಾವ ಅದರದು. ಪಶ್ಚಿಮದ ರೀತಿಯಲ್ಲಿ ದೇವರ ಮಾತನ್ನು ತಿಳಿಯುವುದಕ್ಕೆ ಒತ್ತು ಹೆಚ್ಚಾದರೆ, ಪೂರ್ವದ ರೀತಿಯಲ್ಲಿ ದೇವರ ರಹಸ್ಯದ ಮುಂದೆ ನಿಲ್ಲುವುದಕ್ಕೆ ಒತ್ತು ಹೆಚ್ಚು ಎಂದು ಸ್ಥೂಲವಾಗಿ ಹೇಳಬಹುದು.

ಕೇರಳದಿಂದ ಬಂದು ನೆಲೆಸಿದ ಕುಟುಂಬಗಳ ಮೂಲಕ ಈ ರೀತಿ ಬೆಂಗಳೂರು, ಬೆಳ್ತಂಗಡಿ, ಭದ್ರಾವತಿ ಮೊದಲಾದ ಕಡೆ ಬೇರೂರಿದೆ. ಆದರೆ ಉಡುಪಿ ಜಿಲ್ಲೆಯ ಬ್ರಹ್ಮಾವರದ ಕಥೆ ವಿಶೇಷವಾದದ್ದು. ಅಲ್ಲಿನ ಒಂದು ಕೊಂಕಣಿ ಕ್ರೈಸ್ತ ಸಮುದಾಯ 19ನೆಯ ಶತಮಾನದ ಕೊನೆಯಲ್ಲಿ ರೋಮಿನ ಅಧೀನತೆಯಿಂದ ಹೊರಬಂದು ಸುರಿಯಾನಿ ಆರ್ಥೊಡಾಕ್ಸ್ ಪರಂಪರೆಯನ್ನು ಸೇರಿತು. 1889ರಲ್ಲಿ ಕೊಟ್ಟಾಯಂನಲ್ಲಿ ಬಿಷಪ್ ಆಗಿ ಅಭಿಷಿಕ್ತರಾದ ಗೋವಾದ ಅಲ್ವಾರಿಸ್ ಮಾರ್ ಜೂಲಿಯಸ್ ಮತ್ತು ಅವರ ಸಹಚರ ಫಾದರ್ ನೊರೊನ್ಹಾ ಈ ಸಮುದಾಯದ ನಾಯಕರು. ಹೀಗೆ ಮನೆಮಾತು ಕೊಂಕಣಿ, ಊರು ಕನ್ನಡ ತುಳು ನಾಡಿನದು, ಆರಾಧನೆಯ ಕ್ರಮ ಸಿರಿಯಾ ದೇಶದ್ದು!

ಪ್ರಸಂಗಪೀಠ ಮತ್ತು ಗೀತೆ: ಪ್ರಾಟೆಸ್ಟೆಂಟ್ ರೀತಿ

1517ರಲ್ಲಿ ಜರ್ಮನಿಯ ಮಾರ್ಟಿನ್ ಲೂಥರ್ ಆರಂಭಿಸಿದ ಸುಧಾರಣಾ ಚಳವಳಿ ಆರಾಧನೆಯ ಸ್ವರೂಪವನ್ನೂ ಬದಲಿಸಿತು. ಜನರಿಗೆ ಅರ್ಥವಾಗದ ಲ್ಯಾಟಿನ್ ಭಾಷೆಯ ಬದಲು ಅವರ ಮಾತಿನಲ್ಲೇ ಆರಾಧನೆ ನಡೆಯಬೇಕೆಂಬುದು ಅವರ ವಾದ. 1526ರಲ್ಲಿ ಲೂಥರ್ ಜರ್ಮನ್ ಭಾಷೆಯ ಪೂಜಾಕ್ರಮ ಪ್ರಕಟಿಸಿದರು. ಇಂಗ್ಲೆಂಡಿನಲ್ಲಿ 1549ರಲ್ಲಿ ಇಂಗ್ಲಿಷಿನ ಸಾಮಾನ್ಯ ಪ್ರಾರ್ಥನಾ ಪುಸ್ತಕ ಬಂದಿತು. ಪೀಠಕ್ಕಿದ್ದ ಕೇಂದ್ರಸ್ಥಾನವನ್ನು ಪ್ರಸಂಗಪೀಠವೂ ಬೈಬಲ್ಲೂ ಹಂಚಿಕೊಂಡವು. ಕೇಳುತ್ತ ಕುಳಿತಿದ್ದ ಜನ ಹಾಡತೊಡಗಿದರು.

ಕರ್ನಾಟಕದಲ್ಲಿ ಈ ರೀತಿಯ ಬೆಳವಣಿಗೆ ಕನ್ನಡ ಭಾಷೆಯ ಚರಿತ್ರೆಯೊಂದಿಗೇ ಬೆರೆತಿದೆ. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಶ್ರಮದಿಂದ 1831ರ ವೇಳೆಗೆ ಸಂಪೂರ್ಣ ಬೈಬಲ್ ಕನ್ನಡಕ್ಕೆ ಬಂದಿತ್ತು. 1834ರಲ್ಲಿ ಬಾಸೆಲ್ ಮಿಷನ್ ಮಂಗಳೂರಿಗೆ ಬಂದಿತು. 1843ರಲ್ಲಿ ‘ಮಂಗಳೂರು ಸಮಾಚಾರ’ ಪತ್ರಿಕೆ ಹೊರಡಿಸಿದ ಮೊಗ್ಲಿಂಗ್, 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಪ್ರಕಟಿಸಿದ ಕಿಟೆಲ್ ಇಬ್ಬರೂ ಈ ಮಿಷನ್ನಿನ ಪಾದ್ರಿಗಳು. ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ ರೆವರೆಂಡ್ ಉತ್ತಂಗಿ ಚನ್ನಪ್ಪನವರೂ ಇದೇ ಪರಂಪರೆಯ ಸಭಾಪಾಲಕರು. ಜನ ತಾವೇ ಓದಬೇಕು, ತಾವೇ ಹಾಡಬೇಕು ಎಂಬ ಆರಾಧನಾ ರೀತಿಯಲ್ಲಿ ಚರ್ಚಿನ ಪಕ್ಕದಲ್ಲಿ ಶಾಲೆ ಮತ್ತು ಅಚ್ಚುಕೂಟ ಏಳುವುದು ಸಹಜವೇ ಆಗಿತ್ತು.

1947ರ ಸೆಪ್ಟೆಂಬರ್ 27ರಂದು, ಸ್ವಾತಂತ್ರ್ಯ ಬಂದ ಆರು ವಾರಗಳಲ್ಲಿ, ಆಂಗ್ಲಿಕನ್, ಮೆಥಡಿಸ್ಟ್ ಮತ್ತು ದಕ್ಷಿಣ ಭಾರತದ ಸಂಯುಕ್ತ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆಯಾಯಿತು. ನಾವು ಸಿ.ಎಸ್.ಐ. ಎನ್ನುವುದು ಇದನ್ನೇ. ಇದರ ಹೊಸ ಆರಾಧನಾಕ್ರಮ 1950ರಲ್ಲಿ ಬಂದಿತು. ಅದರಲ್ಲಿ ಒಂದು ಸಣ್ಣ ಕ್ರಿಯೆ ಇದೆ. ಭೋಜನಕ್ಕೆ ಮುನ್ನ ಸಭಾಪಾಲಕರಿಂದ ಆರಂಭವಾಗಿ ಒಬ್ಬರಿಂದೊಬ್ಬರಿಗೆ, ಕೈಯಿಂದ ಕೈಗೆ, ಸಮಾಧಾನದ ವಂದನೆ ಸಾಗುತ್ತದೆ. ಕೇರಳದ ಸುರಿಯಾನಿ ಚರ್ಚುಗಳಿಂದ ಕಲಿತ ಪದ್ಧತಿ ಇದು. ಆಮೇಲೆ ಪಶ್ಚಿಮದ ಅನೇಕ ಸಭೆಗಳು ತಮ್ಮ ಆರಾಧನೆಯನ್ನು ಪರಿಷ್ಕರಿಸುವಾಗ ಈ ದಕ್ಷಿಣ ಭಾರತದ ಕ್ರಮವನ್ನು ಗಮನವಿಟ್ಟು ನೋಡಿದವು.

ಚಪ್ಪಾಳೆ, ಸಾಕ್ಷಿ ಮತ್ತು ಮೌನ

20ನೆಯ ಶತಮಾನದ ಆರಂಭದಲ್ಲಿ ಮತ್ತೊಂದು ರೀತಿ ಹುಟ್ಟಿತು. 1906ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದ ಅಜೂಸಾ ಬೀದಿಯಲ್ಲಿ, ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ದಂಪತಿಗಳ ಮಗ ವಿಲಿಯಂ ಸೆಮೋರ್ ನಡೆಸಿದ ಕೂಟಗಳು ಪೆಂಟಕೋಸ್ಟಲ್ ಚಳವಳಿಯ ಮುಖ್ಯ ಮೂಲವೆಂದು ಪ್ರಸಿದ್ಧವಾಗಿವೆ. ಆದರೆ ಅದರ ಹಿಂದಿನ ವರ್ಷ, 1905ರಲ್ಲೇ, ಪುಣೆಯ ಬಳಿಯ ಕೇಡಗಾಂವ್‌ನ ಮುಕ್ತಿ ಸದನದಲ್ಲಿ ಇಂಥದೇ ಭಾವೋತ್ಕಟ ಪ್ರಾರ್ಥನೆಗಳು ನಡೆದಿದ್ದವು. ಆ ಸದನವನ್ನು ಸ್ಥಾಪಿಸಿದವರು ಪಂಡಿತಾ ರಮಾಬಾಯಿ. ಅವರು 1858ರಲ್ಲಿ ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟಗಳ ಗಂಗಾಮೂಲದಲ್ಲಿ.

ಈ ಸಭೆಗಳಲ್ಲಿ ಅಚ್ಚಾದ ಪೂಜಾಕ್ರಮ ಇರುವುದಿಲ್ಲ. ಚಪ್ಪಾಳೆ, ವಾದ್ಯ, ಗಟ್ಟಿಯಾದ ಸಾಮೂಹಿಕ ಪ್ರಾರ್ಥನೆ, ಅರಿಯದ ಭಾಷೆಗಳಲ್ಲಿ ನುಡಿಯುವುದು, ತಮ್ಮ ಬದುಕಿನಲ್ಲಿ ನಡೆದುದನ್ನು ‘ಸಾಕ್ಷಿ’ಯಾಗಿ ಹೇಳುವುದು, ರೋಗಿಗಳಿಗಾಗಿ ಪ್ರಾರ್ಥಿಸುವುದು ಇದರ ಲಕ್ಷಣಗಳು. ಬೇರೆಡೆ ಬಾಯಿ ಬಿಡಲು ಅವಕಾಶವಿಲ್ಲದ ಮನೆಗೆಲಸದ ಹೆಣ್ಣುಮಗಳೂ ಇಲ್ಲಿ ಎದ್ದು ನಿಂತು ಮಾತಾಡಬಹುದು. ಇದೇ ಈ ರೀತಿಯ ದೊಡ್ಡ ಶಕ್ತಿ. ಭಾವಾವೇಶವೇ ಭಕ್ತಿಯೆಂದು ತಿಳಿಯುವ ಅಪಾಯ ಇದೆಯೆಂದು ಟೀಕಿಸುವವರೂ ಇದ್ದಾರೆ. ರೋಗಿಗಾಗಿ ಪ್ರಾರ್ಥಿಸುವುದು ಬೇರೆ, ವೈದ್ಯರ ಔಷಧಿ ಬಿಡಿಸುವುದು ಬೇರೆ ಎಂಬ ವಿವೇಕ ಎಲ್ಲರಿಗೂ ಇರಬೇಕಾದದ್ದು.

ಇನ್ನೆರಡು ವಿಶಿಷ್ಟ ರೀತಿಗಳನ್ನು ಹೆಸರಿಸಬೇಕು. 1865ರಲ್ಲಿ ಲಂಡನ್ನಿನ ಬಡವರ ನಡುವೆ ವಿಲಿಯಂ ಬೂತ್ ದಂಪತಿಗಳು ಆರಂಭಿಸಿದ ಕಾರ್ಯ ಮುಂದೆ ‘ಸಾಲ್ವೇಶನ್ ಆರ್ಮಿ’ ಎನಿಸಿತು. ಇವರ ಆರಾಧನೆ ಸಮವಸ್ತ್ರ ತೊಟ್ಟು, ವಾದ್ಯಮೇಳದೊಂದಿಗೆ ಬೀದಿಗೇ ಇಳಿಯಿತು. ಇದಕ್ಕೆ ಪೂರ್ತಿ ವಿರುದ್ಧವಾದದ್ದು 17ನೆಯ ಶತಮಾನದ ಇಂಗ್ಲೆಂಡಿನಲ್ಲಿ ಹುಟ್ಟಿದ ಕ್ವೇಕರರ ರೀತಿ. ಅವರ ಸಾಂಪ್ರದಾಯಿಕ ಸಭೆಯಲ್ಲಿ ಪಾದ್ರಿಯೂ ಇಲ್ಲ, ಹಾಡೂ ಇಲ್ಲ. ಎಲ್ಲರೂ ಮೌನವಾಗಿ ಕುಳಿತಿರುತ್ತಾರೆ. ಒಳಗಿನಿಂದ ಪ್ರೇರಣೆಯಾದವರು ಮಾತ್ರ ಎದ್ದು ನಾಲ್ಕು ಮಾತು ಹೇಳುತ್ತಾರೆ. ಗಮನಿಸಿ: ಮೌನವಾಗಿರಲು ಮನೆಯೇ ಸಾಕಲ್ಲವೇ? ಆದರೂ ಅವರು ಒಟ್ಟಿಗೆ ಸೇರಿಯೇ ಮೌನವಾಗಿರುತ್ತಾರೆ.

ನೆಲದ ಭಾಷೆ, ನೆಲದ ಸಂಸ್ಕೃತಿ

1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆ ಕಥೋಲಿಕರಿಗೂ ದೇಶಭಾಷೆಗಳ ಬಾಗಿಲು ತೆರೆಯಿತು. 1963ರ ಡಿಸೆಂಬರ್ 4ರಂದು ಅಂಗೀಕೃತವಾದ ದಸ್ತಾವೇಜು ಜನರು ಆರಾಧನೆಯ ಪ್ರೇಕ್ಷಕರಾಗದೆ ಪಾಲುದಾರರಾಗಬೇಕೆಂದು ಹೇಳಿತು. ಲ್ಯಾಟಿನ್ ಹಿಂದೆ ಸರಿದು ಕನ್ನಡ, ಕೊಂಕಣಿ, ತಮಿಳು ಮುಂದೆ ಬಂದವು. ಗುರುಗಳು ಜನರತ್ತ ಮುಖಮಾಡಿ ಪೂಜೆ ಅರ್ಪಿಸುವ ಪದ್ಧತಿ ಹರಡಿತು. 1969ರಲ್ಲಿ ಭಾರತದ ಪೂಜೆಗಾಗಿ ಹನ್ನೆರಡು ಅಂಶಗಳಿಗೆ ರೋಮ್ ಒಪ್ಪಿಗೆ ನೀಡಿತು. ನೆಲದ ಮೇಲೆ ಕುಳಿತುಕೊಳ್ಳುವುದು, ಕೈಮುಗಿಯುವುದು, ಪಂಚಾಂಗ ಪ್ರಣಾಮ, ಎಣ್ಣೆಯ ದೀಪ, ಆರತಿ ಮುಂತಾದವು ಅದರಲ್ಲಿ ಸೇರಿದ್ದವು. ಈ ಕಾರ್ಯದ ಮುಂಚೂಣಿಯಲ್ಲಿದ್ದದ್ದು ಬೆಂಗಳೂರಿನಲ್ಲಿ ಫಾದರ್ ಅಮಲೋರ್ಪವದಾಸ್ ನಡೆಸಿದ ಕೇಂದ್ರ. ಇದನ್ನು ಸ್ವಾಗತಿಸಿದವರಂತೆ ವಿರೋಧಿಸಿದವರೂ ಇದ್ದರು. ತಲೆತಲಾಂತರದ ರೂಢಿಯನ್ನು ಮುಟ್ಟಿದಾಗ ಮನಸ್ಸು ನೋಯುವುದು ಸಹಜ.

ಬೆಂಗಳೂರಿನಲ್ಲಿ ಪೂಜೆಯ ಭಾಷೆ ಯಾವುದಾಗಬೇಕೆಂಬ ಪ್ರಶ್ನೆ ದಶಕಗಳ ಕಾಲ ಕನ್ನಡ ಕಥೋಲಿಕರ ಹೋರಾಟಕ್ಕೂ ವಾಗ್ವಾದಕ್ಕೂ ಕಾರಣವಾಯಿತು. ಮನುಷ್ಯ ಲೆಕ್ಕಪತ್ರಕ್ಕೆ ಯಾವ ಭಾಷೆಯನ್ನಾದರೂ ಬಳಸಿಯಾನು; ಆದರೆ ದುಃಖದಲ್ಲಿ ದೇವರನ್ನು ಕರೆಯುವಾಗ ತಾಯಿಯ ಮಾತೇ ಬೇಕೆನ್ನುತ್ತಾನೆ. ಆ ಹೋರಾಟದ ತಿರುಳು ಇದು.

ಹೋಗಲೇಬೇಕೆ?

ಈಗ ಮೊದಲ ಪ್ರಶ್ನೆಗೆ ಬರೋಣ. ಕ್ರೈಸ್ತ ಸಭೆಗಳು ಇದಕ್ಕೆ ಏನು ಉತ್ತರ ಕೊಡುತ್ತವೆ?

ಕಥೋಲಿಕ ಸಭೆಯ 1983ರ ಕಾನೂನು ಸಂಹಿತೆಯ ಪ್ರಕಾರ ಭಾನುವಾರ ಮತ್ತು ಕಡ್ಡಾಯ ಹಬ್ಬಗಳಂದು ಬಲಿಪೂಜೆಯಲ್ಲಿ ಭಾಗವಹಿಸುವುದು ವಿಶ್ವಾಸಿಗಳ ಕರ್ತವ್ಯ. ಹಿಂದಿನ ದಿನದ ಸಂಜೆಯ ಪೂಜೆಯೂ ಲೆಕ್ಕಕ್ಕೆ ಬರುತ್ತದೆ. ಕಾಯಿಲೆ, ಎಳೆಮಗುವಿನ ಆರೈಕೆಯಂಥ ಗಂಭೀರ ಕಾರಣಗಳಿಗೆ ವಿನಾಯಿತಿ ಇದೆ. ಬಹುಪಾಲು ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಇಂಥ ಲಿಖಿತ ಕಟ್ಟಳೆ ಇಲ್ಲ. ಕೂಡಿಬರುವುದನ್ನು ಬಿಟ್ಟುಬಿಡಬೇಡಿ, ಒಬ್ಬರನ್ನೊಬ್ಬರು ಹುರಿದುಂಬಿಸಿ ಎಂಬ ಆಶಯದ ಹೊಸ ಒಡಂಬಡಿಕೆಯ ಬೋಧನೆಯನ್ನೇ ಅವು ಆಧಾರವಾಗಿ ಹಿಡಿಯುತ್ತವೆ.

ಆದರೆ ಕಟ್ಟಳೆಗಿಂತ ಆಳವಾದ ಕಾರಣಗಳಿವೆ. ಒಂದು ಚಾರಿತ್ರಿಕ ಘಟನೆ ನೋಡಿ. 304ರಲ್ಲಿ ಡಯೋಕ್ಲಿಶಿಯನ್ ಚಕ್ರವರ್ತಿ ಕ್ರೈಸ್ತರ ಸಭೆಗಳನ್ನು ನಿಷೇಧಿಸಿದ್ದ ಕಾಲದಲ್ಲಿ ಇಂದಿನ ಟುನೀಶಿಯಾದ ಅಬಿಟಿನಾ ಎಂಬ ಊರಿನಲ್ಲಿ 49 ಮಂದಿ ಒಂದು ಮನೆಯಲ್ಲಿ ಸೇರಿ ಸಿಕ್ಕಿಬಿದ್ದರು. ಆಜ್ಞೆ ಮೀರಿದ್ದೇಕೆ ಎಂದು ಕೇಳಿದಾಗ, ಭಾನುವಾರದ ಆ ಕೂಟವಿಲ್ಲದೆ ತಾವು ಇರಲಾರೆವು ಎಂಬ ಅರ್ಥದ ಉತ್ತರ ಅವರಲ್ಲೊಬ್ಬನಿಂದ ಬಂದಿತು. ಮನೆಯಲ್ಲಿ ಒಬ್ಬೊಬ್ಬರೇ ಪ್ರಾರ್ಥಿಸಿದ್ದರೆ ಅವರು ಸಿಕ್ಕಿಬೀಳುತ್ತಿರಲಿಲ್ಲ. ಆದರೆ ಅವರ ಪಾಲಿಗೆ ನಂಬಿಕೆ ಎಂದರೆ ಒಟ್ಟಿಗೆ ಇರುವುದೇ ಆಗಿತ್ತು.

ನಮ್ಮ ನಾಡಿನಲ್ಲೂ ಈ ವಿಚಾರಕ್ಕೆ ಹೋಲಿಕೆ ಇದೆ. ದೇಹದಲ್ಲೇ ದೇವಾಲಯ ಕಂಡ 12ನೆಯ ಶತಮಾನದ ಶರಣರು ಗುಡಿಯ ಹಂಗು ತೊರೆದರು. ಆದರೆ ಕೂಡಿ ಕುಳಿತು ಅನುಭವ ಹಂಚಿಕೊಳ್ಳುವುದನ್ನು ತೊರೆಯಲಿಲ್ಲ. ಶರಣರ ಸಂಗವೇ ಅವರಿಗೆ ದೊಡ್ಡದಾಗಿತ್ತು. ಕಟ್ಟಡ ಬೇಡವೆಂದವರಿಗೂ ಜೊತೆ ಬೇಕಾಯಿತು.

ಚರ್ಚಿಗೆ ಹೋಗುವುದರ ಪ್ರಯೋಜನಗಳನ್ನು ಹೀಗೆ ವಿಂಗಡಿಸಬಹುದು. ಒಂದು: ಒಬ್ಬನೇ ಪ್ರಾರ್ಥಿಸುವವನು ತನಗೆ ಬೇಕಾದುದನ್ನು ಮಾತ್ರ ಕೇಳಿಕೊಳ್ಳುತ್ತಾನೆ; ತನಗೆ ಹಿತವಾದ ಭಾಗವನ್ನು ಮಾತ್ರ ಓದುತ್ತಾನೆ. ಸಭೆಯಲ್ಲಿ ತನಗೆ ಹಿತವಲ್ಲದ ವಾಚನವನ್ನೂ ಕೇಳಬೇಕಾಗುತ್ತದೆ, ಅನ್ಯರ ಕಷ್ಟಕ್ಕಾಗಿಯೂ ಪ್ರಾರ್ಥಿಸಬೇಕಾಗುತ್ತದೆ. ಎರಡು: ಮನಸ್ಸು ಬರಡಾದ ದಿನ ಪಕ್ಕದವರ ಹಾಡು ನಮ್ಮನ್ನು ಎತ್ತಿಹಿಡಿಯುತ್ತದೆ; ಇನ್ನೊಂದು ದಿನ ನಮ್ಮ ಹಾಡು ಅವರನ್ನು ಎತ್ತಿಹಿಡಿಯುತ್ತದೆ. ಮೂರು: ದಿನವೂ ಒಂದೇ ಬೆಂಚಿನಲ್ಲಿ ಕೂರುವ ಅಜ್ಜಿ ಎರಡು ವಾರ ಬಾರದಿದ್ದರೆ ಯಾರಾದರೂ ಅವರ ಮನೆಗೆ ಹೋಗಿ ವಿಚಾರಿಸುತ್ತಾರೆ. ಹಾಜರಿ ಇದ್ದಲ್ಲಿ ಮಾತ್ರ ಗೈರುಹಾಜರಿ ತಿಳಿಯುತ್ತದೆ. ನಾಲ್ಕು: ನಾಮಕರಣ, ಮದುವೆ, ಮರಣ ಮೂರರಲ್ಲೂ ಜೊತೆ ನಿಲ್ಲುವ ಸಮುದಾಯ ಒಂದು ದಿನದಲ್ಲಿ ಕಟ್ಟಿಕೊಳ್ಳುವಂಥದಲ್ಲ. ವಾರ ವಾರದ ಸಾಮಾನ್ಯ ಭೇಟಿಗಳಿಂದಲೇ ಅದು ಬೆಳೆಯುತ್ತದೆ.

ಪರದೆಯ ಮೇಲೆ ನೋಡಿದರೆ ಸಾಲದೇ?

ದೂರದರ್ಶನದವರೇ ಈ ಪ್ರಶ್ನೆ ಕೇಳಿದರೆ ನೀವು ನಗಬಹುದು. 2020ರಲ್ಲಿ ಕೊರೋನಾ ಕಾರಣದಿಂದ ದೇಶವೆಲ್ಲ ಮುಚ್ಚಿದಾಗ ಏಪ್ರಿಲ್ 12ರ ಈಸ್ಟರ್ ಹಬ್ಬ ಬಾಗಿಲು ಹಾಕಿದ ಚರ್ಚುಗಳಲ್ಲಿ ಕಳೆಯಿತು. ಅದಕ್ಕೂ ಮುಂಚೆ ಮಾರ್ಚ್ 27ರಂದು ಪೋಪ್ ಫ್ರಾನ್ಸಿಸ್ ಮಳೆಯಲ್ಲಿ, ಜನರಿಲ್ಲದ ಸಂತ ಪೇತ್ರರ ಚೌಕದಲ್ಲಿ ಪ್ರಾರ್ಥಿಸಿದ್ದನ್ನು ಲೋಕವೆಲ್ಲ ಪರದೆಯ ಮೇಲೆ ನೋಡಿತು. ಜೂನ್ 8ರಿಂದ ನಿಬಂಧನೆಗಳೊಂದಿಗೆ ಪ್ರಾರ್ಥನಾ ಸ್ಥಳಗಳನ್ನು ತೆರೆಯಲು ಅನುಮತಿ ದೊರೆಯಿತು. ಆ ದಿನಗಳಲ್ಲಿ ಮೊಬೈಲಿನ ಮುಂದೆ ಕುಳಿತು ಪೂಜೆ ನೋಡಿದ ಕುಟುಂಬಗಳು ಅಸಂಖ್ಯ. ಹಾಸಿಗೆ ಹಿಡಿದವರಿಗೆ, ದೂರದಲ್ಲಿರುವವರಿಗೆ ಅದು ಇಂದಿಗೂ ದೊಡ್ಡ ಆಸರೆ.

ಆದರೆ ಬಹುಪಾಲು ಸಭೆಗಳ ನಿಲುವು ಸ್ಪಷ್ಟ: ನೋಡುವುದು ಬೇರೆ, ಪಾಲುಗೊಳ್ಳುವುದು ಬೇರೆ. ಪರದೆಯ ಮೂಲಕ ಪ್ರವಚನ ಕೇಳಬಹುದು, ರೊಟ್ಟಿ ಪಡೆಯಲಾಗದು. ಕೈಯಿಂದ ಕೈಗೆ ಸಾಗುವ ಸಮಾಧಾನಕ್ಕೆ ಇನ್ನೊಂದು ಕೈ ಬೇಕು. ಬರಲಾಗದವರ ಪಾಲನ್ನು ಮನೆಗೆ ತಲುಪಿಸುವ ಜಸ್ಟಿನ್ ಕಾಲದ ಪದ್ಧತಿ ಇಂದೂ ಉಳಿದಿದೆ. ಅನಾರೋಗ್ಯದಿಂದ ಮನೆಯಲ್ಲಿರುವವರಿಗೆ ಗುರುಗಳೋ ನೇಮಿತ ಸೇವಕರೋ ಪ್ರಸಾದ ಒಯ್ಯುತ್ತಾರೆ.

ಹೋದರಷ್ಟೇ ಸಾಕೆ?

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಚರ್ಚಿಗೆ ಹೋಗುವುದರಿಂದಲೇ ಮನುಷ್ಯ ಒಳ್ಳೆಯವನಾಗುತ್ತಾನೆಂದು ಯಾವ ಪರಂಪರೆಯೂ ಹೇಳುವುದಿಲ್ಲ. ಮೊದಲ ಶತಮಾನದಲ್ಲೇ ಕೊರಿಂಥ ಪಟ್ಟಣದ ಸಭೆಯನ್ನು ಸಂತ ಪೌಲ ಕಟುವಾಗಿ ಗದರಿಸಿದ್ದಾನೆ. ಅಲ್ಲಿ ಉಳ್ಳವರು ಮುಂಚಿತವಾಗಿ ಬಂದು ಹೊಟ್ಟೆ ತುಂಬ ತಿನ್ನುತ್ತಿದ್ದರು, ಬಡವರು ಹಸಿದೇ ಇರುತ್ತಿದ್ದರು. ಅಂಥ ಕೂಟದಿಂದ ಒಳಿತಿಗಿಂತ ಕೆಡುಕೇ ಹೆಚ್ಚು ಎಂಬುದು ಅವನ ತೀರ್ಮಾನ. ನಮ್ಮ ದಕ್ಷಿಣ ಭಾರತದಲ್ಲೂ ಕೆಲವು ಚರ್ಚುಗಳಲ್ಲಿ ಜಾತಿಗೊಂದು ಜಾಗ, ಜಾತಿಗೊಂದು ಸ್ಮಶಾನ ಎಂಬ ರೂಢಿ ಇತ್ತು. ದಲಿತ ಕ್ರೈಸ್ತರು ಇದರ ವಿರುದ್ಧ ದನಿ ಎತ್ತುತ್ತ ಬಂದಿದ್ದಾರೆ. ಒಂದೇ ರೊಟ್ಟಿಯನ್ನು ಮುರಿದು ತಿನ್ನುವ ಆರಾಧನೆಗೂ ಪಂಕ್ತಿಭೇದಕ್ಕೂ ಹೊಂದಿಕೆಯಾಗದು. ಇಷ್ಟಾದರೂ ಆ ಭೇದವನ್ನು ಪ್ರಶ್ನಿಸುವ ಬಲ ಹುಟ್ಟುವುದು ಆ ಆರಾಧನೆಯೊಳಗಿನಿಂದಲೇ ಎಂಬುದನ್ನು ಮರೆಯಬಾರದು. ಎಲ್ಲರೂ ಒಂದೇ ಸಾಲಿನಲ್ಲಿ ಕೈಚಾಚಿ ನಿಲ್ಲುವ ಘಳಿಗೆ, ಹೊರಗಿನ ಅಸಮಾನತೆಯನ್ನು ನಾಚಿಸುವ ಘಳಿಗೆ.

ಅತಿಥಿಯಾಗಿ ಹೋದಾಗ

ಗೆಳೆಯರ ಮನೆಯ ಮದುವೆಗೋ, ಕ್ರಿಸ್ಮಸ್ ರಾತ್ರಿಯ ಪೂಜೆಗೋ ಹೋಗುವ ಅನ್ಯಧರ್ಮೀಯ ವಿದ್ಯಾರ್ಥಿಗಳಿಗೆ ಒಂದೆರಡು ಸೂಚನೆ. ಎಲ್ಲರೂ ಎದ್ದಾಗ ಎದ್ದು, ಕುಳಿತಾಗ ಕುಳಿತರೆ ಸಾಕು. ಮಂಡಿಯೂರಲೇಬೇಕೆಂಬ ನಿಯಮ ಅತಿಥಿಗಳಿಗಿಲ್ಲ. ಪ್ರಸಾದ ನೀಡುವಾಗ ಸಾಲಿನಲ್ಲಿ ಹೋಗಬೇಡಿ. ಅದು ಆ ಸಭೆಯ ದೀಕ್ಷೆ ಪಡೆದವರಿಗೆ ಮೀಸಲು. ನಿಮ್ಮ ಜಾಗದಲ್ಲೇ ಗೌರವದಿಂದ ಇದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ. ಪೂಜೆಯ ನಡುವೆ ಫೋಟೋ ತೆಗೆಯಬೇಡಿ. ಅರ್ಥವಾಗದ್ದನ್ನು ಆಮೇಲೆ ಗೆಳೆಯರನ್ನು ಕೇಳಿ. ಅವರಿಗೂ ಉತ್ತರ ಗೊತ್ತಿಲ್ಲದಿದ್ದರೆ ಇಬ್ಬರೂ ಸೇರಿ ಹಿರಿಯರನ್ನು ಕೇಳಬಹುದು! ಶಿವಾಜಿನಗರದ ಸಂತ ಮರಿಯಮ್ಮನ ಸೆಪ್ಟೆಂಬರ್ ಹಬ್ಬಕ್ಕೂ, ಕಾರ್ಕಳದ ಅತ್ತೂರಿನ ಜಾತ್ರೆಗೂ ಎಲ್ಲ ಧರ್ಮದವರೂ ಬಂದು ಮೇಣದ ಬತ್ತಿ ಹಚ್ಚುವುದು ನಮ್ಮ ನಾಡಿನ ಹಳೆಯ ಪರಿಪಾಠ.

ಧೂಪದ ಮೂಲಕ, ಮಾತಿನ ಮೂಲಕ, ಹಾಡಿನ ಮೂಲಕ, ಮೌನದ ಮೂಲಕ ಮನುಷ್ಯರು ದೇವರನ್ನು ಅರಸಿದ್ದಾರೆ. ಈ ರೀತಿಗಳಲ್ಲಿ ಯಾವುದು ಮೇಲು ಎಂದು ವಾದಿಸುವುದಕ್ಕಿಂತ, ಪ್ರತಿಯೊಂದೂ ಯಾವ ಹಸಿವಿಗೆ ಉತ್ತರವಾಗಿ ಹುಟ್ಟಿತು ಎಂದು ಕೇಳುವುದು ಲಾಭಕರ. ಎಲ್ಲ ರೀತಿಗಳೂ ಒಂದು ವಿಷಯದಲ್ಲಿ ಒಮ್ಮತ ಹೊಂದಿವೆ: ದೇವರ ಮುಂದೆ ನಿಲ್ಲುವಾಗ ಪಕ್ಕದಲ್ಲಿ ಇನ್ನೊಬ್ಬರಿರಬೇಕು.

ತರಗತಿಯಲ್ಲಿ ಚರ್ಚಿಸಲು

1. ನಿಮ್ಮ ಊರಿನಲ್ಲಿ ಯಾವ ಯಾವ ಪರಂಪರೆಯ ಚರ್ಚುಗಳಿವೆ? ಅವುಗಳ ಆರಾಧನೆ ಯಾವ ಭಾಷೆಗಳಲ್ಲಿ ನಡೆಯುತ್ತದೆ?

2. ನಿಮ್ಮ ಧರ್ಮದಲ್ಲಿ ಒಬ್ಬೊಬ್ಬರೇ ಮಾಡುವ ಪ್ರಾರ್ಥನೆ ಯಾವುದು, ಕೂಡಿಯೇ ಮಾಡಬೇಕಾದ ಪ್ರಾರ್ಥನೆ ಯಾವುದು? ಈ ವ್ಯತ್ಯಾಸಕ್ಕೆ ಕಾರಣವೇನು?

3. ಪರದೆಯ ಮೇಲೆ ಪಾಠ ಕೇಳುವುದಕ್ಕೂ ತರಗತಿಯಲ್ಲಿ ಕುಳಿತು ಕೇಳುವುದಕ್ಕೂ ಇರುವ ಅಂತರವನ್ನು ಆರಾಧನೆಗೆ ಹೋಲಿಸಿ ನೋಡಿ.